ಭುಜದ ಕೀಲು ಹೊರುವ ಭಾರ

ಒಂದು ಲೀಟರ್ ನೀರು ತುಂಬಿದ ತಂಬಿಗೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಬಹಳ ಹೊತ್ತು ನಿಲ್ಲಬಹುದು. ಅದನ್ನೇ ತೋಳು ಚಾಚಿ ಪಕ್ಕಕ್ಕೆ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ತೋಳು ನಡುಗತೊಡಗುತ್ತದೆ. ತಂಬಿಗೆಯ ತೂಕವೇನೂ ಹೆಚ್ಚಲಿಲ್ಲ. ಭುಜದಿಂದ ಅದಕ್ಕಿರುವ ದೂರ ಹೆಚ್ಚಿತು. ನಮ್ಮ ವಾಚನಾಲಯಕ್ಕೆ ಬರುವ ಹಿರಿಯರಲ್ಲಿ ಭುಜದ ನೋವೆನ್ನುವವರು ಅನೇಕರಿರುವುದರಿಂದ ಈ ದೂರದ ಲೆಕ್ಕವನ್ನು ತುಸು ವಿಸ್ತಾರವಾಗಿಯೇ ನೋಡೋಣ.

ಮೊದಲು ಕೀಲಿನ ರಚನೆ. ಸೊಂಟದ ಕೀಲು ಒರಳಿನಲ್ಲಿ ಕುಳಿತ ಗುಂಡಿನಂತೆ ಆಳವಾದ ಕುಳಿಯಲ್ಲಿ ಭದ್ರವಾಗಿದೆ. ಭುಜದ್ದು ಹಾಗಲ್ಲ. ತೋಳೆಲುಬಿನ ದುಂಡನೆಯ ತಲೆ ದೊಡ್ಡದು, ಹೆಗಲೆಲುಬಿನ ಕುಳಿ ಚಿಕ್ಕದು, ಆಳವೂ ಇಲ್ಲ. ಚಿಕ್ಕ ತಟ್ಟೆಗೆ ಒರಗಿಸಿಟ್ಟ ನಿಂಬೆಹಣ್ಣೆಂದರೂ ಸರಿಯೇ. ಇದರಿಂದಲೇ ತೋಳು ಎಲ್ಲ ದಿಕ್ಕಿಗೂ ತಿರುಗುತ್ತದೆ. ಇದರಿಂದಲೇ ಬೇರೆ ದೊಡ್ಡ ಕೀಲುಗಳಿಗಿಂತ ಹೆಚ್ಚಾಗಿ ಜಾರುತ್ತದೆ ಕೂಡ.

ಈಗ ಲೆಕ್ಕ. ಅರುವತ್ತು ಕಿಲೋ ತೂಗುವವರ ಒಂದು ತೋಳು ಸುಮಾರು 3 ಕಿಲೋ ಇರುತ್ತದೆ. ಪಕ್ಕಕ್ಕೆ ನೇರವಾಗಿ ಚಾಚಿದಾಗ ಈ ತೂಕವೆಲ್ಲ ಕೀಲಿನಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ತೂಗಿದಂತೆ. ತೋಳನ್ನೆತ್ತುವ ಡೆಲ್ಟಾಯ್ಡ್ ಸ್ನಾಯುವಾದರೋ ಕೀಲಿನ ಮಧ್ಯದಿಂದ ಸುಮಾರು 3 ಸೆಂಟಿಮೀಟರ್ ಅಂತರದಲ್ಲಿ ಎಳೆಯುತ್ತದೆ. ಸನ್ನೆಗೋಲಿನ ನಿಯಮವನ್ನು ಶಾಲೆಯಲ್ಲಿ ಕಲಿತವರಿಗೆ ಉತ್ತರ ಹೊಳೆದೇ ಇರುತ್ತದೆ: 3ನ್ನು 30ರಿಂದ ಗುಣಿಸಿದರೆ 90, 3ರಿಂದ ಭಾಗಿಸಿದರೆ 30. ಬರಿಗೈಯನ್ನು ಚಾಚಿ ಹಿಡಿಯಲು ಸ್ನಾಯು 30 ಕಿಲೋ ತೂಕದಷ್ಟು ಬಲದಿಂದ ಎಳೆಯಬೇಕು! ಅಂಗೈಯಲ್ಲಿ, ಅಂದರೆ 60 ಸೆಂಟಿಮೀಟರ್ ದೂರದಲ್ಲಿ, 1 ಕಿಲೋ ಇಟ್ಟರೆ ಇನ್ನೂ 20 ಕಿಲೋ ಸೇರಿ 50 ಆಗುತ್ತದೆ. ಈ ಎಳೆತದ ಬಹುಪಾಲು ಕೀಲಿನ ಮೇಲೆ ಒತ್ತಡವಾಗಿ ಬೀಳುತ್ತದೆ. ಅದೇ 1 ಕಿಲೋವನ್ನು ಮೊಣಕೈ ಮಡಿಸಿ 30 ಸೆಂಟಿಮೀಟರಿಗೆ ತಂದರೆ ಅದರ ಪಾಲು 20ರಿಂದ 10ಕ್ಕಿಳಿಯಿತು. ಮಡಿಸಿದ ತೋಳಿನ ಪಾಲೂ ಕಡಿಮೆಯಾಗುತ್ತದೆ.

ಇದು ಒಂದೇ ಸ್ನಾಯುವನ್ನು ಹಿಡಿದು ಮಾಡಿದ ಸರಳ ಲೆಕ್ಕ. ನಿಜದಲ್ಲಿ ಡೆಲ್ಟಾಯ್ಡ್ ಒಂಟಿಯಾಗಿ ಎಳೆದರೆ ತೋಳು ಏಳುವ ಬದಲು ಎಲುಬಿನ ತಲೆ ಮೇಲಕ್ಕೆ ಜಾರಿ ಭುಜದ ಚಾವಣಿಗೆ ತಗಲೀತು. ನೆಲದಲ್ಲಿ ಮಲಗಿಸಿದ ಏಣಿಯನ್ನು ಎತ್ತಿ ನಿಲ್ಲಿಸುವಾಗ ಒಬ್ಬನು ಬುಡವನ್ನು ಕಾಲಿನಿಂದ ಒತ್ತಿ ಹಿಡಿಯಬೇಕಲ್ಲವೇ? ಭುಜದಲ್ಲಿ ಆ ಕೆಲಸ ಮಾಡುವುದಕ್ಕೆ ಕೀಲನ್ನು ಸುತ್ತುವರಿದ ನಾಲ್ಕು ಚಿಕ್ಕ ಸ್ನಾಯುಗಳಿವೆ. ಅವು ತಲೆಯನ್ನು ಕುಳಿಯತ್ತ ಒತ್ತಿ ಹಿಡಿಯುತ್ತವೆ. ಅವುಗಳಲ್ಲಿ ಒಂದರ ರಜ್ಜು ಭುಜದ ಚಾವಣಿಯ ಕೆಳಗಿನ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ. ವಯಸ್ಸಾದಂತೆ ಹೆಚ್ಚಾಗಿ ಸವೆದು ಹರಿಯುವುದು ಇದೇ ರಜ್ಜು. ಕೈಯನ್ನು ತಲೆಗಿಂತ ಮೇಲೆತ್ತಿ ಮಾಡುವ ಕೆಲಸ ನೋವು ತರುವುದಕ್ಕೆ ಇದೂ ಒಂದು ಕಾರಣ.

ಕಾಗದದ ಲೆಕ್ಕವನ್ನು ನಂಬದವರಿಗೆ ಅಳತೆಯೂ ಉಂಟು. ಬರ್ಲಿನ್ ನಗರದ ಸಂಶೋಧಕರು ರೋಗಿಗೆ ಕೂರಿಸಿದ ಕೃತಕ ಭುಜದ ಕೀಲಿನೊಳಗೇ ಬಲವನ್ನಳೆಯುವ ಸಾಧನವನ್ನಿಟ್ಟು 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಗೆಲಸದಂಥ ಸಾಮಾನ್ಯ ಚಲನೆಗಳಲ್ಲೂ ಕೀಲಿನ ಮೇಲಿನ ಬಲ ಕೆಲವೊಮ್ಮೆ ಇಡೀ ದೇಹದ ತೂಕದ ಹತ್ತಿರ ಹೋಗುತ್ತದೆಂದು ಅದರಿಂದ ತಿಳಿಯಿತು.

ತುಂಬಿದ ಬಕೆಟ್ಟನ್ನು ಕೈ ಇಳಿಬಿಟ್ಟು ಒಯ್ಯುವುದು ಬೇರೆ ಬಗೆ. ಅಲ್ಲಿ ಭಾರ ತೋಳಿನ ನೇರದಲ್ಲೇ ಕೆಳಕ್ಕೆಳೆಯುವುದರಿಂದ ಸನ್ನೆಗೋಲಿನ ಕಾಟ ಬಹಳ ಕಡಿಮೆ. ಕುತ್ತಿಗೆಯಿಂದ ಹೆಗಲಿಗಿಳಿಯುವ ಸ್ನಾಯುಗಳು ಮಾತ್ರ ದಣಿಯುತ್ತವೆ. ಒಂದು ದೊಡ್ಡ ಬಕೆಟ್ಟಿಗಿಂತ ಎರಡು ಕೈಗೆ ಎರಡು ಚಿಕ್ಕವು ಮೇಲು.

ಮೇಲಿನ ಕಪಾಟಿನಿಂದ ದಪ್ಪ ಪುಸ್ತಕ ತೆಗೆಯುವವರು ದೂರದಿಂದ ಕೈ ಚಾಚದೆ ಸ್ಟೂಲು ಹತ್ತಿ ಎದೆಯ ಮಟ್ಟದಲ್ಲಿ ತೆಗೆಯಲಿ. ಸ್ಟೂಲು ಇರುವುದೇ ಅದಕ್ಕೆ. ಬಿದ್ದ ಮೇಲೆ ತೋಳು ಏಳದಿದ್ದರೆ, ಅಥವಾ ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ, ಎಣ್ಣೆ ತಿಕ್ಕುತ್ತ ದಿನ ಕಳೆಯದೆ ವೈದ್ಯರಿಗೆ ತೋರಿಸಬೇಕು. ಇನ್ನು ಲೋಕಲ್ ಗಾಡಿಯಲ್ಲಿ ನಿಲ್ಲುವವರ ವಿಷಯ. ಮೇಲಿನ ಹಿಡಿಗೆ ಜೋತುಬಿದ್ದಾಗ ಗಾಡಿ ಜಗ್ಗಿದರೆ ಇಡೀ ಮೈಯ ಎಳೆತ ಎತ್ತಿದ ತೋಳಿನ ಮೂಲಕವೇ ಭುಜಕ್ಕೆ ಬರುತ್ತದೆ. ಬಾಗಿಲ ಬಳಿಯ ಕಂಬ ಸಿಕ್ಕಿದರೆ ಅದನ್ನು ಮೊಣಕೈ ಮಡಿಸಿ ಎದೆಯ ಮಟ್ಟದಲ್ಲಿ ಹಿಡಿಯುವುದೇ ಒಳ್ಳೆಯದು. ಸಂಜೆ ಆರರ ಗಾಡಿಯಲ್ಲಿ ಅದು ಯಾರಿಗೆ ಸಿಕ್ಕೀತೋ, ಅದು ಬೇರೆ ಮಾತು.