ನಿಧಾನದ ಚೆಂಡಿನ ಹುಡುಗಿಗೆ

ಹಾಸನ

ಚಿ. ಪುಟ್ಟಿಗೆ,

ನಿನ್ನ ತಾತನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಹತೋಟಿಯಲ್ಲಿ ಇಲ್ಲದ್ದು ಅವರ ಬಾಯಿಚಪಲ ಮಾತ್ರ. ಕಾಗದವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಟೂರ್ನಮೆಂಟ್ ಇಲ್ಲದ ಭಾನುವಾರಗಳಲ್ಲಾದರೂ ಕನ್ನಡ ಕೂಟದ ತರಗತಿಗೆ ಹೋಗಿ ಒತ್ತಕ್ಷರ ಕಲಿತಿದ್ದೀಯ, ಓದಬಲ್ಲೆ. ತಡವರಿಸಿದ ಕಡೆ ನಿಮ್ಮಪ್ಪನಿಂದ ಓದಿಸಿಕೊ. ಇದರಲ್ಲಿ ಅವನಿಗೂ ಒಂದೆರಡು ಮಾತಿದೆ.

ಅವನು ಮನೆಯವರ ವಾಟ್ಸಾಪ್ ಗುಂಪಿಗೆ ನಿನ್ನ ಸಾಫ್ಟ್‌ಬಾಲ್ ಎಸೆತದ ವೇಗ ಅಳೆದ ರೇಡಾರ್ ಗನ್ನಿನ ಫೋಟೊ ಹಾಕಿದ್ದ. ಗಂಟೆಗೆ 55 ಮೈಲಿ. ಹದಿನಾಲ್ಕರ ಹುಡುಗಿಗೆ ಒಳ್ಳೆಯ ವೇಗವೇ. ನಿನ್ನ ಅತ್ತೆ, ಚಿಕ್ಕಪ್ಪ, ಮೈಸೂರಿನ ದೊಡ್ಡಮ್ಮ ಎಲ್ಲರೂ ಹೆಬ್ಬೆರಳು ಎತ್ತಿದ್ದೇ ಎತ್ತಿದ್ದು. ನಾನು ಎತ್ತಲಿಲ್ಲ, ನೀನು ಗಮನಿಸಿರುತ್ತೀಯ. ಮುನಿಸಲ್ಲ ಕಣೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ನೀನು ಎಸೆದ ಇನ್ನೊಂದು ಚೆಂಡು. ಅದರ ಫೋಟೊವನ್ನು ಯಾರೂ ತೆಗೆಯಲಿಲ್ಲ.

ಕಳೆದ ಶನಿವಾರದ ಎರಡನೇ ಪಂದ್ಯ. ಟೆಕ್ಸಸ್‌ನಲ್ಲಿ ಬೆಳಿಗ್ಗೆ, ಇಲ್ಲಿ ರಾತ್ರಿ ಊಟದ ಹೊತ್ತು. ಮೊಬೈಲನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿಕೊಂಡು ನೋಡುತ್ತಿದ್ದೆ. ಮೂರೂ ಬೇಸ್ ಭರ್ತಿ, ಮೂರು ಬಾಲ್, ಎರಡು ಸ್ಟ್ರೈಕ್. ಇನ್ನೊಂದು ಆಚೆ ಹೋದರೆ ರನ್ನು ಪುಕ್ಕಟೆ. ಎದುರಿಗೆ ನಿಂತಿದ್ದವಳು ನಿನಗಿಂತ ಒಂದು ಗೇಣು ಎತ್ತರದ ಹುಡುಗಿ, ಹಿಂದಿನ ಸರದಿಯಲ್ಲಿ ನಿನ್ನ ವೇಗದ ಚೆಂಡನ್ನೇ ಬೇಲಿಗೆ ಬಡಿಸಿದ್ದವಳು. ನಿನ್ನ ಕೈ ಯಾವತ್ತಿನ ರಭಸದಲ್ಲೇ ಗಿರಕಿ ಹೊಡೆಯಿತು, ಕಾಲು ಯಾವತ್ತಿನ ಹಾಗೇ ಮುಂದಕ್ಕೆ ಚಿಮ್ಮಿತು, ಚೆಂಡು ಮಾತ್ರ ಬರಲೊಲ್ಲೆ ಅಂದಿತು. ಅವಳು ಬ್ಯಾಟು ಬೀಸಿ ಮುಗಿಸಿ ಒಂದು ಸುತ್ತು ತಿರುಗಿದ ಮೇಲೆ ಅದು ಕ್ಯಾಚರ್ ಕೈಸೇರಿತು. ತಾತ ತುತ್ತು ಕೈಯಲ್ಲೇ ಹಿಡಿದು "ನೋ ಬಾಲಾ?" ಅಂತ ಕೇಳಿದರು.

ಹೋದ ವರ್ಷ ನಾನು ನಿಮ್ಮಲ್ಲಿದ್ದಾಗ ಈ ನಿಧಾನದ ಚೆಂಡನ್ನು, ಅಂದರೆ ಚೇಂಜ್‌ಅಪ್ಪನ್ನು ಹಿತ್ತಲಲ್ಲಿ ಚೆನ್ನಾಗಿಯೇ ಎಸೆಯುತ್ತಿದ್ದೆ, ಪಂದ್ಯದಲ್ಲಿ ಮುಟ್ಟುತ್ತಿರಲಿಲ್ಲ. ಕೋಚ್ ಸನ್ನೆ ಮಾಡಿದರೂ ತಲೆ ಅಲ್ಲಾಡಿಸುತ್ತಿದ್ದೆ. ಆಗ ತಾನೇ ಹನ್ನೆರಡರೊಳಗಿನ ಗುಂಪಿನಿಂದ ಹದಿನಾಲ್ಕರೊಳಗಿನ ಗುಂಪಿಗೆ ಬಂದಿದ್ದೆ. ಎಸೆಯುವ ದೂರ 40 ಅಡಿಯಿಂದ 43 ಅಡಿಗೆ ಏರಿತ್ತು. ಮೂರೇ ಅಡಿ ಅಂತ ಬೆಂಚಿನ ಮೇಲೆ ಕೂತವರಿಗೆ ಅನ್ನಿಸುತ್ತದೆ. ಆ ಮೂರು ಅಡಿಯಲ್ಲಿ ನಿನ್ನ ಚೆಂಡು ಮಂಡಿಯಿಂದ ಕೆಳಗೆ ಇಳಿದುಬಿಡುತ್ತಿತ್ತು, ಬಾಲ್ ಮೇಲೆ ಬಾಲ್, ವಾಕ್ ಮೇಲೆ ವಾಕ್. ನೀನು ಹಲ್ಲು ಕಚ್ಚಿ ಇನ್ನೂ ಜೋರಾಗಿ ಎಸೆಯುತ್ತಿದ್ದೆ, ಅದು ಇನ್ನೂ ಅಡ್ಡಾದಿಡ್ಡಿ ಹೋಗುತ್ತಿತ್ತು. ನಿಮ್ಮಪ್ಪ ರೇಡಾರ್ ಗನ್ ಕೊಂಡದ್ದು ಆ ದಿನಗಳಲ್ಲೇ. ಅವನು ಎಂಜಿನಿಯರು, ಅಳೆಯಲು ಬರುವುದರ ಮೇಲೇ ಅವನಿಗೆ ನಂಬಿಕೆ.

ಹಾಗಾದರೆ ಅವನ ಭಾಷೆಯಲ್ಲೇ ಹೇಳುತ್ತೇನೆ. ನೀನು ಚಿಮ್ಮಿ ಮುಂದೆ ಬಂದು ಕೈಬಿಡುವುದರಿಂದ ಚೆಂಡು ಹಾರುವುದು ಸುಮಾರು 37 ಅಡಿ. 55 ಮೈಲಿಯಲ್ಲಿ ಅದಕ್ಕೆ ಅರ್ಧ ಸೆಕೆಂಡೂ ಬೇಡ. 43 ಮೈಲಿಯ ಚೇಂಜ್‌ಅಪ್ಪಿಗೆ ಸುಮಾರು 0.6 ಸೆಕೆಂಡು. ನಡುವಿನ ವ್ಯತ್ಯಾಸ ಒಂದು ಸಲ ರೆಪ್ಪೆ ಬಡಿಯುವಷ್ಟು. ಅಷ್ಟು ಸಾಕು, ಏಕೆಂದರೆ ಬ್ಯಾಟು ಹಿಡಿದವಳು ಚೆಂಡನ್ನು ಕೊನೆಯವರೆಗೂ ನೋಡಿ ಹೊಡೆಯುವುದಿಲ್ಲ, ನೋಡುವಷ್ಟು ಹೊತ್ತೇ ಇರುವುದಿಲ್ಲ. ನಿನ್ನ ಕೈ, ಭುಜ, ಸೊಂಟ ನೋಡಿ ಅಂದಾಜು ಕಟ್ಟಿ ಮೊದಲೇ ಹೊರಡುತ್ತಾಳೆ. 2004ರಲ್ಲಿ ಸಾಫ್ಟ್‌ಬಾಲ್ ಪಿಚರ್ ಜೆನ್ನಿ ಫಿಂಚ್ ಒಂದು ಪ್ರದರ್ಶನ ಪಂದ್ಯದಲ್ಲಿ ಆಲ್ಬರ್ಟ್ ಪುಹೋಲ್ಸ್‌ನಂಥ ಬೇಸ್‌ಬಾಲ್ ದೈತ್ಯನನ್ನು ಔಟ್ ಮಾಡಿದಳಲ್ಲ, ಅದಕ್ಕಿಂತ ವೇಗದ ಚೆಂಡನ್ನು ಅವನು ದಿನವೂ ಹೊಡೆಯುತ್ತಿದ್ದವನೇ. ಸೊಂಟದ ಪಕ್ಕದಿಂದ ಹೊರಡುವ ಚೆಂಡನ್ನು ಓದಲು ಅವನ ಕಣ್ಣಿಗೆ ಅಭ್ಯಾಸ ಇರಲಿಲ್ಲ, ಅಷ್ಟೇ. ಮೋಸ ಹೋಗುವುದು ಅಂದಾಜು. ಅದನ್ನು ಮೋಸಗೊಳಿಸುವುದಕ್ಕೆ ನಿನ್ನ ಕೈ ಒಂದಿಷ್ಟೂ ತಡವರಿಸಬಾರದು. ಇಲ್ಲಿ ಹೊಡೆತ ತಿಂದರೆ ಎಲ್ಲರೂ ಬಯ್ಯುತ್ತಾರೆ ಅಂತ ಗೊತ್ತಿದ್ದೂ ಪೂರ್ತಿ ರಭಸದಲ್ಲಿ ಕೈ ಬೀಸಿ ನಿಧಾನದ ಚೆಂಡು ಬಿಡುವುದಿದೆಯಲ್ಲ, ಅದು ತೋಳಿನ ಕೆಲಸವಲ್ಲ. ಅದಕ್ಕೇ ಈ ವರ್ಷ ನೀನು ಬೆಳೆದದ್ದು ಅಲ್ಲಿ ಅನ್ನುತ್ತೇನೆ.

ನಮ್ಮ ಪಾರ್ಕಿನ ವಾಕಿಂಗ್ ಗುಂಪಿನಲ್ಲಿ ನಿನ್ನ ಆಟವನ್ನು ವಿವರಿಸುವುದೇ ನನಗೊಂದು ಉದ್ಯೋಗವಾಗಿದೆ. ಬೇಸ್‌ಬಾಲೇನ್ರೀ ಅಂತ ಕೇಳುತ್ತಾರೆ. ಅದರ ತಂಗಿ ಅನ್ನುತ್ತೇನೆ. 1887ರಲ್ಲಿ ಷಿಕಾಗೊದ ಒಂದು ದೋಣಿ ಕ್ಲಬ್ಬಿನೊಳಗೆ ಫುಟ್ಬಾಲ್ ಪಂದ್ಯದ ಫಲಿತಾಂಶಕ್ಕೆ ಕಾಯುತ್ತಿದ್ದವರು ಬಾಕ್ಸಿಂಗ್ ಗ್ಲೌಸನ್ನು ಎಸೆದು ಕೋಲಿನಲ್ಲಿ ಹೊಡೆದದ್ದರಿಂದ ಹುಟ್ಟಿದ್ದು ಎಂದರೆ ನಗುತ್ತಾರೆ. ಏಳು ಇನ್ನಿಂಗ್ಸ್ ಅಂದರೆ ಐದು ದಿನ ನಡೆಯುತ್ತದಾ ಅಂತ ಒಬ್ಬರಿಗೆ ಗಾಬರಿ. ನಿಮ್ಮ ತಂಡದ ಹುಡುಗಿಯರು ಡಗೌಟಿನಲ್ಲಿ ನಿಂತು ಪಂದ್ಯ ಪೂರ್ತಿ ಹಾಡು ಹೇಳುತ್ತಾರೆ, ಕೂದಲಿಗೆ ರಿಬ್ಬನ್ನು, ಕಣ್ಣಿನ ಕೆಳಗೆ ಕಪ್ಪು ಬಳಿದುಕೊಂಡಿರುತ್ತಾರೆ ಅಂದಾಗ ಮಾತ್ರ ಎಲ್ಲರಿಗೂ ಆಟ ಇಷ್ಟವಾಯಿತು. ನನಗೆ ಅದರಲ್ಲಿ ತುಂಬ ಹಿಡಿಸಿದ್ದು, ಔಟಾದವಳಿಗೆ ಮತ್ತೆ ಸರದಿ ಬರುತ್ತದೆ ಅನ್ನುವುದು. ಕ್ರಿಕೆಟ್ಟಿನಲ್ಲಿ ಸೊನ್ನೆಗೆ ಔಟಾದ ಹುಡುಗಿ ದಿನವೆಲ್ಲ ಪೆವಿಲಿಯನ್‌ನಲ್ಲಿ ಮುಖ ಸಣ್ಣಗೆ ಮಾಡಿಕೊಂಡು ಕೂತಿರಬೇಕು.

ಕ್ರಿಕೆಟ್ ಅಂದೆನಲ್ಲ, 1976ರಲ್ಲಿ ಬೆಂಗಳೂರಿನಲ್ಲಿ ವ್ಯಾಯಾಮ ಶಿಕ್ಷಕಿಯ ತರಬೇತಿಯಲ್ಲಿದ್ದಾಗ ನಮ್ಮ ಹೆಣ್ಣುಮಕ್ಕಳು ವೆಸ್ಟ್ ಇಂಡೀಸ್ ವಿರುದ್ಧ ಆಡಿದ ಮೊಟ್ಟಮೊದಲ ಟೆಸ್ಟ್ ನೋಡಲು ಹೋಗಿದ್ದೆ. ನಾಯಕಿ ನಮ್ಮವರೇ, ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಗೆದ್ದೂ ಬಂದರು. ಆ ಕಾಲದ ಆಟಗಾರ್ತಿಯರು ರಿಸರ್ವೇಷನ್ ಇಲ್ಲದ ರೈಲುಡಬ್ಬಿಯಲ್ಲಿ ಹೋಗಿ, ಸಿಕ್ಕ ಹಾಸ್ಟೆಲಿನಲ್ಲಿ ನೆಲದ ಮೇಲೆ ಮಲಗಿ ಆಡಿದವರು. ನಿನ್ನ 400 ಡಾಲರಿನ ಬ್ಯಾಟು ನೋಡಿ ಹೊಟ್ಟೆ ಉರಿದು ಹೇಳುತ್ತಿಲ್ಲ. ನಿಮ್ಮ ದೇಶದಲ್ಲೂ ಇದು ತಾನಾಗಿ ಬಂದದ್ದಲ್ಲ. ಸರ್ಕಾರದ ದುಡ್ಡು ಪಡೆಯುವ ಶಾಲೆ ಕಾಲೇಜು ಹೆಣ್ಣು ಗಂಡೆಂದು ಭೇದ ಮಾಡಕೂಡದು ಅಂತ 1972ರಲ್ಲಿ ಕಾನೂನು ಬಂದ ಮೇಲೆ ತಾನೇ ಹೆಣ್ಣುಮಕ್ಕಳ ಆಟಕ್ಕೆ ಮೈದಾನ, ಕೋಚು, ಸ್ಕಾಲರ್‌ಷಿಪ್ಪು ಸಿಕ್ಕದ್ದು. ನಾನು ಹೈಸ್ಕೂಲಿನಲ್ಲಿ ಖೊಖೊ, ಥ್ರೋಬಾಲ್ ಕಲಿಸುತ್ತಿದ್ದಾಗ ಒಳ್ಳೊಳ್ಳೆಯ ಹುಡುಗಿಯರು ಒಂಬತ್ತನೇ ತರಗತಿಗೆ ಮೈದಾನ ಬಿಡುತ್ತಿದ್ದರು. ಎಸ್ಸೆಸ್ಸೆಲ್ಸಿ ಬಂತು, ಗಂಡಿನ ಕಡೆಯವರು ನೋಡಲು ಬಂದರು, ಹೀಗೇ ಏನಾದರೊಂದು. ಆದ್ದರಿಂದ ನೀನು ಆಡುತ್ತಿರುವುದೇ ನನಗೆ ಮುಕ್ಕಾಲು ಪಾಲು ಗೆಲುವು. ಈಗ ಉಳಿದ ಕಾಲು ಪಾಲಿನ ಮಾತು.

ಶನಿವಾರ ಎರಡು ಪಂದ್ಯ ಎಸೆದೆ, ಭಾನುವಾರ ಮತ್ತೆ ಎರಡು. ಕೊನೆಯ ಪಂದ್ಯದ ನಾಲ್ಕನೇ ಇನ್ನಿಂಗ್ಸ್‌ನಲ್ಲಿ ನಿನ್ನ ಮುಂಗಾಲು ನೆಟ್ಟಗೆ ಬೀಳದೆ ಪಕ್ಕಕ್ಕೆ ಬೀಳುತ್ತಿತ್ತು. ಎರಡು ಸಲ ಎಡಗೈಯಿಂದ ಬಲಭುಜದ ಮುಂಭಾಗ ಒತ್ತಿಕೊಂಡೆ. ಕೋಚ್ ಬಂದು ಕೇಳಿದಾಗ ಹೆಬ್ಬೆರಳು ತೋರಿಸಿದೆ. ಆನ್‌ಲೈನ್‌ನಲ್ಲಿ ಚಿತ್ರ ಎಷ್ಟು ಮಸುಕಾಗಿದ್ದರೂ ಡ್ರಿಲ್ ಟೀಚರ್ ಕಣ್ಣಿಗೆ ಅದು ತಪ್ಪುವುದಿಲ್ಲ. ಕೆಳಗಿನಿಂದ ಎಸೆಯುವುದು ಸಹಜ ಚಲನೆ, ಭುಜಕ್ಕೆ ಏನೂ ಆಗುವುದಿಲ್ಲ ಅನ್ನುವ ಹಳೆಯ ನಂಬಿಕೆ ನಿಮ್ಮ ಕಡೆ ಇನ್ನೂ ಓಡಾಡುತ್ತಿದೆ. ಸುಳ್ಳು. ಭುಜದ ಮುಂದಿನ ಸ್ನಾಯುರಜ್ಜು, ತೋಳಿನ ಮೇಲಿನ ಸ್ನಾಯು ಎರಡರ ಮೇಲೂ ಆ ಗಿರಕಿಯ ಭಾರ ಬೀಳುತ್ತದೆ. ಲಿಟಲ್ ಲೀಗ್ ಬೇಸ್‌ಬಾಲ್ ಆಡುವ ಹುಡುಗರಿಗೆ ದಿನಕ್ಕೆ ಇಷ್ಟೇ ಎಸೆತ ಅಂತ 2007ರಿಂದ ಲೆಕ್ಕ ಇಟ್ಟಿದ್ದಾರೆ, ನಿಮ್ಮ ವಾರಾಂತ್ಯದ ಟೂರ್ನಮೆಂಟುಗಳಲ್ಲಿ ಹುಡುಗಿಯರ ತೋಳನ್ನು ಎಣಿಸುವವರು ಅಪರೂಪ. ನನ್ನ ಹತ್ತಿರ ಗುಂಡೆಸೆತ ಕಲಿಯುತ್ತಿದ್ದ ಹುಡುಗಿಯೊಬ್ಬಳು ನೋವು ಮುಚ್ಚಿಟ್ಟುಕೊಂಡು ಜಿಲ್ಲಾ ಮಟ್ಟದಲ್ಲಿ ಎಸೆದಳು. ಬಹುಮಾನ ಬಂತು. ಮುಂದಿನ ವರ್ಷ ಅವಳಿಗೆ ನೀರಿನ ಬಿಂದಿಗೆ ಎತ್ತಲು ಆಗುತ್ತಿರಲಿಲ್ಲ.

ನೀನು ಉಯೆನೊ ಕಥೆ ಹೇಳುತ್ತೀಯ, ಗೊತ್ತು. ನಿನ್ನ ಕೋಣೆಯ ಗೋಡೆಯ ಮೇಲೇ ಇದ್ದಾಳಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೊ ಉಯೆನೊ ಎರಡು ದಿನದಲ್ಲಿ 413 ಚೆಂಡು ಎಸೆದು, ಅಲ್ಲಿಯವರೆಗಿನ ಮೂರೂ ಚಿನ್ನ ಗೆದ್ದಿದ್ದ ಅಮೆರಿಕವನ್ನು 3-1ರಿಂದ ಸೋಲಿಸಿದಳು. ಕೈ ಮುಗಿಯಬೇಕು. ಆದರೆ ಆಗ ಅವಳು ಬಲಿತ ಮೈಯ ಹೆಂಗಸು, ಹದಿನಾಲ್ಕರವಳಲ್ಲ. ಅದಕ್ಕಿಂತ ನನಗೆ ಮುಖ್ಯವಾದದ್ದು ಮುಂದಿನ ಫೈನಲ್. ನಡುವಿನ ಎರಡು ಒಲಿಂಪಿಕ್ಸ್‌ನಲ್ಲಿ ಈ ಆಟವನ್ನೇ ತೆಗೆದುಹಾಕಿದ್ದರು. 2021ರಲ್ಲಿ ಟೋಕಿಯೊದಲ್ಲಿ ಮತ್ತೆ ಅದೇ ಎರಡು ತಂಡ ಎದುರಾದಾಗ ಉಯೆನೊಗೆ 39. ಚೆನ್ನಾಗಿ ಎಸೆಯುತ್ತಿದ್ದವಳು ಪಂದ್ಯದ ನಡುವೆ ಚೆಂಡನ್ನು ಇಪ್ಪತ್ತು ವರ್ಷದ ಮಿಯು ಗೋಟೊ ಕೈಗೆ ಕೊಟ್ಟು ಹೊರಗೆ ಬಂದಳು. ಗೋಟೊ ಎಸೆಯುವಾಗ ಚೆಂಡು ಮೂರನೇ ಬೇಸಿನವಳ ಕೈಗೆ ಬಡಿದು ಎಗರಿ, ಪಕ್ಕದ ಶಾರ್ಟ್‌ಸ್ಟಾಪ್ ಅದನ್ನು ಗಾಳಿಯಲ್ಲೇ ಹಿಡಿದು, ಒಂದೇ ಏಟಿಗೆ ಎರಡು ಔಟ್ ಆಯಿತಲ್ಲ, ನಾವಿಬ್ಬರೂ ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇವೆ! ಕೊನೆಯ ಇನ್ನಿಂಗ್ಸ್‌ಗೆ ಉಯೆನೊ ಮತ್ತೆ ಬಂದು ಮುಗಿಸಿದಳು, 2-0. ಹೊರಗೆ ಹೋದವಳು ಒಂದು ಸಲ ಒಳಗೆ ಬರಬಹುದು ಅಂತ ನಿಮ್ಮ ಆಟದ ನಿಯಮವೇ ಹೇಳುತ್ತದೆ. ಅಷ್ಟು ಒಳ್ಳೆಯ ನಿಯಮ ಇಟ್ಟುಕೊಂಡು ನೀನು ಯಾಕೆ ಹೆಬ್ಬೆರಳು ತೋರಿಸುತ್ತೀ?

ನಿಮ್ಮ ಟೆಕ್ಸಸ್‌ನ ತಂಡದ್ದೇ ಕಥೆ ಬೇಕಾದರೆ ಪಿಚರ್ ನೈಜರಿ ಕೆನಡಿ ಇದ್ದಾಳೆ. 2024ರಲ್ಲಿ ಹತ್ತು ಲಕ್ಷ ಡಾಲರಿನ ಒಪ್ಪಂದದ ಮೇಲೆ ಟೆಕ್ಸಸ್ ಟೆಕ್ ಸೇರಿ, ಮರುವರ್ಷ ಆ ತಂಡವನ್ನು ಕಾಲೇಜು ವಿಶ್ವ ಸರಣಿಯ ಫೈನಲ್‌ವರೆಗೆ ಹೊತ್ತು ತಂದಳು. ಮೊದಲ ಪಂದ್ಯದಲ್ಲಿ ಬೇಕೆಂದೇ ವಾಕ್ ಕೊಡಲು ಹೊರಗೆಸೆದ ಚೆಂಡು ಸಾಕಷ್ಟು ಹೊರಗೆ ಹೋಗದೆ, ಎದುರಿನವಳು ಅದನ್ನೇ ಹೊಡೆದು ಪಂದ್ಯ ತಿರುಗಿಸಿದಳು. ಮರುದಿನ ಕೆನಡಿ ಮತ್ತೆ ಎಸೆದು ಗೆಲ್ಲಿಸಿದಳು. ಮೂರನೇ ದಿನ ಮೊದಲ ಇನ್ನಿಂಗ್ಸ್‌ನಲ್ಲೇ ಎದುರಿನವರಿಗೆ ಐದು ರನ್. ಅವಳನ್ನು ಯಾರು ಕಡಿಮೆ ಎಂದಾರು? ನನಗಂತೂ ಆ ತೋಳು ದಣಿದಂತೆ ಕಂಡಿತು.

ನಿಮ್ಮಪ್ಪನಿಗೆ ಇದನ್ನು ಗಟ್ಟಿಯಾಗಿ ಓದು: ಮಗೂ, ದಿನಾ ಸಂಜೆ ಬಕೆಟ್ ಬೋರಲು ಹಾಕಿ ಕೂತು ಮಗಳ ಚೆಂಡು ಹಿಡಿಯುತ್ತೀಯ, ಮೊಣಕಾಲ ಕೆಳಗೆಲ್ಲ ನೀಲಿಗಟ್ಟಿದೆ, ನಿನ್ನಂಥ ಅಪ್ಪ ಸಿಗುವುದು ಪುಣ್ಯ. ಆದರೆ ಮಗಳಿಗಾಗಿ ನೀನು ಮಾಡಿಟ್ಟ ಕಾಲೇಜುಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಮುಚ್ಚಿಡು. ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ರವರೆಗೆ ದೊಡ್ಡ ಕಾಲೇಜಿನ ಕೋಚುಗಳು ಹುಡುಗಿಯರ ಜೊತೆ ಮಾತೇ ಆಡಕೂಡದು ಅಂತ 2018ರಲ್ಲಿ ನಿಯಮ ಬಂದದ್ದು, ಎಂಟನೇ ತರಗತಿಯ ಮಕ್ಕಳನ್ನೂ ಬಿಡದೆ ಮಾತು ತೆಗೆದುಕೊಳ್ಳುತ್ತಿದ್ದರು ಅಂತಲೇ. ಅವರೇ ಕಾಯುತ್ತಿರುವಾಗ ನಿನಗೇನು ಆತುರ? ನವೆಂಬರ್, ಡಿಸೆಂಬರ್ ಚೆಂಡು ಮುಟ್ಟಿಸಬೇಡ. ಈಜಲಿ, ಬ್ಯಾಸ್ಕೆಟ್‌ಬಾಲ್ ಆಡಲಿ, ಮನೆಯಲ್ಲಿ ಸುಮ್ಮನೆ ಬಿದ್ದುಕೊಂಡಿರಲಿ.

ಪುಟ್ಟೀ, ನಿಮ್ಮ ತಂಡಕ್ಕೆ ಎರಡನೇ ಪಿಚರ್ ಇದ್ದಾಳಲ್ಲ, ಆ ಕನ್ನಡಕದ ಹುಡುಗಿ. ಅವಳಿಗೆ ವೇಗ ಇಲ್ಲ, ಆದರೆ ಡ್ರಾಪ್ ಬಾಲ್ ಚೆನ್ನಾಗಿ ಇಳಿಯುತ್ತದೆ, ನೆಲದ ಮೇಲೆ ಉರುಳಿಸಿ ಔಟ್ ಮಾಡಿಸುತ್ತಾಳೆ. ಮುಂದಿನ ಭಾನುವಾರ ಮೂರು ಇನ್ನಿಂಗ್ಸ್ ಆದ ಮೇಲೆ ನೀನೇ ಕೋಚ್ ಹತ್ತಿರ ಹೋಗಿ, ಅವಳು ಎಸೆಯಲಿ ಅಂತ ಹೇಳು. ನಿನ್ನನ್ನು ಮೊದಲ ಬೇಸಿಗೆ ಹಾಕುತ್ತಾರೆ, ಅಲ್ಲಿ ನಿಂತು ಅವಳಿಗೆ ಜೋರಾಗಿ ಹಾಡು ಹೇಳು. ಮೂರು ಬಾಲ್ ಎರಡು ಸ್ಟ್ರೈಕಿನಲ್ಲಿ ಚೇಂಜ್‌ಅಪ್ ಎಸೆದವಳಿಗೆ ಇದು ಕಷ್ಟವಾಗಲಾರದು. ಸ್ವಲ್ಪ ಆಗಬಹುದು, ಆಗಲಿ.

2028ರ ಒಲಿಂಪಿಕ್ಸ್ ಲಾಸ್ ಏಂಜಲೀಸ್‌ನಲ್ಲಾದರೂ ಸಾಫ್ಟ್‌ಬಾಲ್ ಮಾತ್ರ ಒಕ್ಲಹಾಮ ಸಿಟಿಯಲ್ಲಂತೆ. ನಿಮ್ಮ ಡಲ್ಲಾಸ್‌ನಿಂದ ಕಾರಿನಲ್ಲಿ ಮೂರು ಗಂಟೆಯ ದಾರಿ ಅಂತ ನಿಮ್ಮಮ್ಮ ಹೇಳಿದಳು. ಟಿಕೆಟ್ ತೆಗೆಯುವಾಗ ನಮ್ಮಿಬ್ಬರನ್ನೂ ಸೇರಿಸಿಕೊಳ್ಳಿ. ತಾತನಿಗೆ ನೆರಳಿರುವ ಕಡೆ ಸೀಟು ಬೇಕು.

ಅದಕ್ಕೂ ಮೊದಲು ಅಕ್ಟೋಬರ್‌ನಲ್ಲಿ ಬರುತ್ತಿದ್ದೇವೆ. ಹೋದ ಸಲ ಡಗೌಟಿನಲ್ಲಿ ಕೋಡುಬಳೆ ಡಬ್ಬಿ ಖಾಲಿಯಾದದ್ದು ನೋಡಿದ್ದೇನೆ, ಈ ಸಲ ಎರಡು ಡಬ್ಬಿ ತರುತ್ತೇನೆ. ಖಾರ ಅಷ್ಟೇ ಇರಲೋ ಕಡಿಮೆ ಮಾಡಲೋ, ನಿಮ್ಮ ಕ್ಯಾಚರ್ ಹುಡುಗಿಯನ್ನು ಕೇಳಿ ತಿಳಿಸು.

ಇಂತಿ ನಿನ್ನ ಪ್ರೀತಿಯ
ಅಜ್ಜಿ