ಸೀನು ಬದಲಾಗುವ ಹೊತ್ತು

ಹವ್ಯಾಸಿ ತಂಡಗಳಿಗೆ ರಂಗಸಜ್ಜಿಕೆ ಮಾಡಿಕೊಡುತ್ತ ಬಂದ ನನಗೆ ಈ ಕೆಲಸದ ಮರ್ಮ ತಿಳಿಸಿಕೊಟ್ಟದ್ದು ಗಿರೀಶ ಕಾರ್ನಾಡರ ‘ತುಘಲಕ್’. 1964ರ ಈ ನಾಟಕದಲ್ಲಿ ದಿಲ್ಲಿಯ ಬೀದಿಯಿದೆ, ಅರಮನೆಯಿದೆ, ದೌಲತಾಬಾದಿನ ಕೋಟೆಯಿದೆ. ಎಲ್ಲವನ್ನೂ ಕಟ್ಟಲು ಹೊರಟರೆ ಸೀನು ಬದಲಿಸುವುದರಲ್ಲೇ ರಾತ್ರಿ ಕಳೆದೀತು.

ದಾರಿ ತೋರಿದ್ದು ಕಂಪನಿ ನಾಟಕ. ಅಲ್ಲಿ ರಸ್ತೆ ಪರದೆ ಇಳಿಬಿಟ್ಟು ಹಾಸ್ಯದವರು ಮುಂದೆ ಆಡುತ್ತಿದ್ದರೆ, ಹಿಂದೆ ದರ್ಬಾರು ಸಿದ್ಧವಾಗುತ್ತಿತ್ತು. ತುಘಲಕ್ ಬರೆಯುವಾಗ ತಮ್ಮ ಮನಸ್ಸಿನಲ್ಲಿದ್ದದ್ದು ಇದೇ ಕ್ರಮ ಎಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಬೀದಿಯ ಠಕ್ಕರಾದ ಅಜೀಜ, ಆಜಮರ ಆಟ ಮುಂದೆ, ಸುಲ್ತಾನನ ಲೋಕ ಹಿಂದೆ. ನಾಟಕ ಸಾಗಿದಂತೆ ಈ ಗೆರೆ ಅಳಿಸುತ್ತ ಹೋಗಿ, ಕೊನೆಗೆ ಅಗಸ ಅಜೀಜನೇ ಸುಲ್ತಾನನಿಗೆ ಎದುರಾಗುತ್ತಾನೆ. ಇದು ಹೊಳೆದ ಮೇಲೆ ನಾನು ಮಾಡಿದ್ದು ಒಂದು ಪರದೆ, ಹಿಂದೊಂದು ಎತ್ತರದ ಲೆವೆಲ್ಲು, ಅದಕ್ಕೆ ಮೆಟ್ಟಿಲು, ಇಷ್ಟೆ. ಉತ್ತರಾರ್ಧದಲ್ಲಿ ಪರದೆ ಮತ್ತೆ ಇಳಿಯಲೇ ಇಲ್ಲ. ಬೀದಿಯವರೂ ಅರಮನೆಯವರೂ ಒಂದೇ ಮೆಟ್ಟಿಲು ತುಳಿದರು.

ಹೆಚ್ಚು ಹೊತ್ತು ಹಿಡಿದದ್ದು ಆ ಮೆಟ್ಟಿಲೇ. ನಿಲುವಂಗಿ ತೊಟ್ಟ ನಟ ಮಾತಾಡುತ್ತಲೇ, ಕೆಳಗೆ ನೋಡದೆ ಇಳಿಯಬೇಕು. ಹಾಗಾಗಿ ಎತ್ತರ 6 ಇಂಚು, ಕಾಲೂರಲು 1 ಅಡಿ. ಮೇಲೆ ಗೋಣಿತಾಟನ್ನು ಬಿಗಿಯಾಗಿ ಎಳೆದು ಕೂರಿಸಿದರೆ ಹೆಜ್ಜೆಯ ಸದ್ದು ಮಾತನ್ನು ನುಂಗುವುದಿಲ್ಲ. 8x4 ಅಡಿಯ ಪ್ಲೈವುಡ್ಡನ್ನು ಅರ್ಧ ಮಾಡಿದರೆ ಲಾರಿಗೂ ಏರುತ್ತದೆ, ಊರೂರಿನ ಸಭಾಭವನದ ಬಾಗಿಲಲ್ಲಿ ಓರೆಯಾಗಿ ತೂರಿಸಲೂ ಬರುತ್ತದೆ. ಬಿಚ್ಚಿ ಜೋಡಿಸುವಲ್ಲಿ ಮೊಳೆ ಬೇಡ, ನಟ್ಟು-ಬೋಲ್ಟೇ ಆಗಬೇಕು. ಎನಾಮೆಲ್ ಬಣ್ಣವಂತೂ ಬೇಡವೇ ಬೇಡ. ದೀಪ ಬಿದ್ದರೆ ಹೊಳೆದು ಕಣ್ಣು ಚುಚ್ಚುತ್ತದೆ. ನೀಲಿ ಬೆಳಕಿನಲ್ಲಿ ಕೆಂಪು ಕಪ್ಪಾಗಿ ಕಾಣುವುದರಿಂದ, ಬೆಳಕಿನವರ ಜೊತೆ ಕೂತೇ ಬಣ್ಣ ಆರಿಸಬೇಕು.

ನಮ್ಮ ಎಷ್ಟೋ ತಂಡಗಳು ತಾಲೀಮು ಮುಗಿಯುವ ಹೊತ್ತಿಗೆ ಸಜ್ಜಿಕೆಯವರನ್ನು ಕರೆಯುತ್ತವೆ. ಅಷ್ಟರಲ್ಲಿ ನಟರ ಓಡಾಟವೆಲ್ಲ ಸಮತಟ್ಟು ನೆಲಕ್ಕೆ ಒಗ್ಗಿಬಿಟ್ಟಿರುತ್ತದೆ. ಮೆಟ್ಟಿಲು ಬಂದ ದಿನ ಎಲ್ಲರ ಕಾಲೂ ತಡವರಿಸುತ್ತದೆ, ಕಾಲಿನ ಜೊತೆ ಮಾತೂ. ನಿರ್ದೇಶಕರಲ್ಲಿ ನನ್ನ ವಿನಂತಿ: ನಾಟಕದ ಮೊದಲ ಓದಿಗೇ ನಮ್ಮನ್ನೂ ಕರೆಯಿರಿ. ಹಳೆಯ ಹಲಗೆಯದ್ದಾದರೂ ಸರಿ, ಅದೇ ಅಳತೆಯ ಮೆಟ್ಟಿಲನ್ನು ಮೊದಲ ವಾರದಲ್ಲೇ ತಾಲೀಮಿನ ಜಾಗಕ್ಕೆ ತಂದಿಡುತ್ತೇವೆ.