ಹುಲಿಯ ಕಾಡಿನಲ್ಲಿ ಒಂದು ಬೆಳಗು

2025ರ ಮಾರ್ಚ್ ತಿಂಗಳಲ್ಲಿ ನಮ್ಮ ಕಾಲೇಜಿನ ಇತಿಹಾಸ ಮತ್ತು ಭೂಗೋಳ ವಿಭಾಗಗಳವರು ಸೇರಿ ಬಂಡೀಪುರಕ್ಕೆ ಒಂದು ದಿನದ ಅಧ್ಯಯನ ಪ್ರವಾಸವನ್ನು ಏರ್ಪಡಿಸಿದರು. ಹೆಸರು ಕೊಡಲು ನಾನು ಮೊದಲು ಹಿಂದೆಮುಂದೆ ನೋಡಿದೆ. ಕಾರಣವಿಷ್ಟೆ: ನಮ್ಮ ಊರು ಇರುವುದು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಆ ಕಾಡಿನ ಅಂಚಿನಲ್ಲಿಯೇ. ಹಿತ್ತಲಿನಲ್ಲಿ ನಿಂತರೆ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ. ನೆಂಟರ ಮನೆಗೆ ಟಿಕೆಟ್ಟು ಕೊಂಡು ಹೋದಂತಾಗುತ್ತದಲ್ಲ ಎಂದು ನನ್ನ ಸಂಕೋಚ. ವಿಷಯ ತಿಳಿದಾಗ ಅಜ್ಜಿ, "ಕಾಸು ಕೊಟ್ಟು ಹುಲಿ ನೋಡಕ ಹೋದಯಾ ಮಗ? ಮೂರು ವರ್ಷದ ಹಿಂದ ಕೊಟ್ಗೆ ತಾವ್ಕೇ ಬಂದಿತ್ತಲ್ಲ, ಆವಾಗ ನೀನು ಕದ ತೆಗೀನಿಲ್ಲ" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಹೇಳಿದ್ದು 2022ರ ಮಳೆಗಾಲದ ಸಂಗತಿ. ನಮ್ಮ ಕೆಂಪಿ ಎಂಬ ಹಸುವನ್ನು ಹುಲಿ ಹಿಡಿದದ್ದು ಆಗ. ಅದನ್ನು ಮುಂದೆ ಹೇಳುತ್ತೇನೆ.

ಸಫಾರಿ ಎಂಬ ಮಾತು ನಮಗೆ ಬಂದದ್ದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಿಂದ. ಅದರ ಮೂಲ ಅರಬ್ಬಿಯ 'ಸಫರ್'. ಎರಡರಲ್ಲಿಯೂ ಅರ್ಥ ಪ್ರಯಾಣ ಎಂದಷ್ಟೆ. ಹುಲಿಯ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಇದನ್ನು ನಮ್ಮ ಅಧ್ಯಾಪಕರು ಮೋಟಾರಿನಲ್ಲಿ ಹೊರಡುವಾಗಲೇ ಹೇಳಿಬಿಟ್ಟರು. ಮುಂದೆ ಆಗಲಿದ್ದ ನಿರಾಶೆಗೆ ಅವರು ಮೊದಲೇ ಮದ್ದು ಅರೆದಿದ್ದರೇನೋ!

ಮೇಲುಕಾಮನಹಳ್ಳಿಯಲ್ಲಿ ಅರಣ್ಯ ಇಲಾಖೆಯ ಚಿಕ್ಕ ಬಸ್ಸನ್ನು ಏರಿದಾಗ ಇನ್ನೂ ಚಳಿ ಬಿಟ್ಟಿರಲಿಲ್ಲ. ಇಳಿಯಬಾರದು, ಕೂಗಬಾರದು, ತಿಂಡಿ ಎಸೆಯಬಾರದು ಎಂದು ಚಾಲಕರು ಎಚ್ಚರಿಕೆ ಹೇಳಿದರು. ಅವರ ಅಪ್ಪನೂ ಅಜ್ಜನೂ ಇದೇ ಕಾಡಿನಲ್ಲಿ ದುಡಿದವರಂತೆ. ನಾನು ಅವರ ಹಿಂದಿನ ಸೀಟನ್ನೇ ಹಿಡಿದುದರಿಂದ ಈ ಲೇಖನದ ಅರ್ಧ ಭಾಗಕ್ಕೆ ಅವರೇ ಕರ್ತೃ ಎಂದರೂ ಸಲ್ಲುತ್ತದೆ.

ಬಂಡೀಪುರದ ಕಾಡನ್ನು ಕಥೆಗಳ ದಟ್ಟಡವಿ ಎಂದು ಭಾವಿಸಿ ಬಂದವರಿಗೆ ಮಾರ್ಚ್ ತಿಂಗಳಲ್ಲಿ ಆಶ್ಚರ್ಯ ಕಾದಿರುತ್ತದೆ. ಇದು ಎಲೆ ಉದುರುವ ಕಾಡು. ತೇಗ, ಹೊನ್ನೆ, ದಿಂಡಿಗ, ಮತ್ತಿಯ ಮರಗಳು ಬೋಳಾಗಿ ನಿಂತಿರುತ್ತವೆ. ಅಲ್ಲೊಂದು ಇಲ್ಲೊಂದು ಮುತ್ತುಗ ಮಾತ್ರ ಕೆಂಡ ಹೊತ್ತಂತೆ ಹೂಬಿಟ್ಟಿರುತ್ತದೆ. ನೆಲವೆಲ್ಲ ತರಗೆಲೆ. ಅದಕ್ಕೇ ಇಲ್ಲಿಯ ದೊಡ್ಡ ಭಯ ಬೆಂಕಿ. 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಾಗ ನಮ್ಮ ಊರಿನ ಮೇಲೆಲ್ಲ ಹೊಗೆ ಕವಿದಿತ್ತು. ಬಟ್ಟೆ ಒಣಗಹಾಕಿದರೆ ಬೂದಿ ಬೀಳುತ್ತಿತ್ತು. ದಾರಿಯ ಎರಡೂ ಬದಿಗೆ ಹುಲ್ಲನ್ನು ಮೊದಲೇ ಸವರಿ ಸುಟ್ಟು ಬಯಲು ಮಾಡಿರುವುದನ್ನು ಚಾಲಕರು ತೋರಿಸಿದರು. ಇದೇ ಬೆಂಕಿ ರೇಖೆ. ಒಂದು ಕಡೆ ಬೆಂಕಿ ಬಿದ್ದರೆ ಅದು ದಾಟದಿರಲೆಂದು ಬೇಸಗೆಗೆ ಮೊದಲೇ ಇದನ್ನು ಮಾಡಿಕೊಳ್ಳುತ್ತಾರೆ. ಕಾವಲಿಗೆ ನಿಲ್ಲುವವರು ಹೆಚ್ಚಾಗಿ ಕಾಡಂಚಿನ ಹಳ್ಳಿಯ, ಹಾಡಿಯ ಜನರೇ.

ಬರಿಯ ಮರಗಳ ನಡುವೆ ಹಸಿರಾಗಿ ಕಂಡದ್ದೆಲ್ಲ ಲಂಟಾನ. ಅಮೆರಿಕ ಖಂಡದ ಈ ಪೊದೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹೂವಿನ ಚೆಂದಕ್ಕಾಗಿ ನಮ್ಮ ದೇಶಕ್ಕೆ ತಂದರು. ಈಗ ಅದು ಹುಲ್ಲು ಬೆಳೆಯಬೇಕಾದ ನೆಲವನ್ನು ಆಕ್ರಮಿಸಿಕೊಂಡಿದೆ. ಹುಲ್ಲಿಲ್ಲದೆ ಜಿಂಕೆಯಿಲ್ಲ, ಜಿಂಕೆಯಿಲ್ಲದೆ ಹುಲಿಯಿಲ್ಲ. ನಮ್ಮ ದನಗಳೂ ಇದನ್ನು ಮುಟ್ಟುವುದಿಲ್ಲ.

ಮೊದಲ ಅರ್ಧ ಗಂಟೆಯಲ್ಲಿ ಕಂಡದ್ದು ಜಿಂಕೆಗಳ ಹಿಂಡುಗಳೇ. ಮೇಲೆ ಮರದಲ್ಲಿ ಮುಸುವಗಳು ಕುಳಿತು ಚಿಗುರನ್ನು ಅರ್ಧ ತಿಂದು ಅರ್ಧ ಕೆಳಗೆ ಬೀಳಿಸುತ್ತಿದ್ದವು. ಜಿಂಕೆಗಳು ಅದನ್ನು ಆಯ್ದು ತಿನ್ನುತ್ತಿದ್ದವು. ಇದು ಬರಿಯ ಪ್ರಸಾದದ ಸಂಬಂಧವಲ್ಲ. ಮರದ ಮೇಲಿನ ಮುಸುವನಿಗೆ ದೂರದ ಹುಲಿ ಕಾಣುತ್ತದೆ, ನೆಲದ ಮೇಲಿನ ಜಿಂಕೆಗೆ ಅದರ ವಾಸನೆ ಹತ್ತುತ್ತದೆ. ಯಾರಿಗೆ ಮೊದಲು ತಿಳಿದರೂ ಕೂಗಿಗೆ ಇಬ್ಬರೂ ಎಚ್ಚರಾಗುತ್ತಾರೆ. ಆಮೇಲೆ ಒಂದು ಕಾಟಿಯ ಗುಂಪು ಎದುರಾಯಿತು. ನಾಲ್ಕು ಕಾಲಿಗೂ ಬಿಳಿಯ ಕಾಲುಚೀಲ ತೊಟ್ಟಂತೆ ಕಾಣುವ ಈ ಕಾಡುಕೋಣ ಸಾವಿರ ಕಿಲೋವರೆಗೂ ತೂಗಬಲ್ಲದು. 1968ರಲ್ಲಿ ದನಗಳ ದೊಡ್ಡರೋಗ ಈ ಕಡೆಯ ಕಾಡುಗಳಿಗೆ ತಗಲಿ ಕಾಟಿಗಳು ಬಹಳ ಸಂಖ್ಯೆಯಲ್ಲಿ ಸತ್ತವು. ಆ ರೋಗ ಊರದನದಿಂದ ಕಾಡಿಗೆ ಹಬ್ಬುವಂಥದು. ಹುಲಿ ನಮ್ಮ ಹಸುವನ್ನು ತಿಂದಿತೆಂದು ದೂರುವ ನಾನು ಇದನ್ನೂ ಬರೆಯದೆ ಬಿಟ್ಟರೆ ನ್ಯಾಯವಾಗುವುದಿಲ್ಲ. 2011ರಲ್ಲಿ ಆ ರೋಗವು ಪ್ರಪಂಚದಿಂದಲೇ ನಿರ್ಮೂಲವಾಯಿತೆಂದು ಘೋಷಿಸಿದರು.

ಒಂದು ಕೆರೆಯ ಏರಿಯ ಬಳಿ ಚಾಲಕರು ಥಟ್ಟನೆ ಬಸ್ಸು ನಿಲ್ಲಿಸಿದರು. ಕಡವೆಯ ಕೂಗು ಕೇಳಿಸಿತು. ಒಡೆದ ಕಹಳೆಯನ್ನು ಒಮ್ಮೆ ಊದಿ ನಿಲ್ಲಿಸಿದ ಹಾಗೆ. ಜಿಂಕೆ ಸುಮ್ಮನೆ ಹೆದರಿಯೂ ಕೂಗೀತು, ಕಡವೆ ಕೂಗಿತೆಂದರೆ ಅದರಲ್ಲಿ ಸುಳ್ಳು ಕಡಮೆ ಎಂದರು. ಇಪ್ಪತ್ತು ಜನ ಉಸಿರು ಬಿಗಿಹಿಡಿದು ಕುಳಿತೆವು. ಹತ್ತು ನಿಮಿಷ ಕಳೆಯಿತು. ಯಾರೋ ಸೀನಿದರು. ಏನೂ ಬರಲಿಲ್ಲ. ಆದರೆ ದಾರಿಯ ಮೆತ್ತನೆಯ ಧೂಳಿನಲ್ಲಿ ಹೆಜ್ಜೆಯ ಸಾಲೊಂದು ಸ್ಪಷ್ಟವಾಗಿತ್ತು. ನಾಲ್ಕು ಬೆರಳು, ಹಿಂದೆ ಅಗಲವಾದ ಅಂಗಾಲು, ಉಗುರಿನ ಗುರುತಿಲ್ಲ. ನಾಯಿಯ ಹೆಜ್ಜೆಯಲ್ಲಿ ಉಗುರು ಮೂಡುತ್ತದೆ. ಹುಲಿ ನಡೆಯುವಾಗ ಉಗುರನ್ನು ಒಳಗೆ ಸೆಳೆದುಕೊಂಡಿರುತ್ತದೆ. ನಮಗಿಂತ ಮುಂಚೆ ಹೋದ ಜೀಪಿನ ಚಕ್ರದ ಗುರುತಿನ ಮೇಲೆಯೇ ಆ ಹೆಜ್ಜೆ ಬಿದ್ದಿತ್ತು. ಎಂದರೆ, ಜೀಪು ಹೋದ ಮೇಲೆ, ನಾವು ಬರುವ ಮೊದಲು, ಅದು ಇಲ್ಲಿ ನಡೆದುಹೋಗಿದೆ! ನನಗೆ ಅಷ್ಟು ಸಾಕಾಗಿತ್ತು. ಉಳಿದವರಿಗೆ ಸಾಕಾಗಲಿಲ್ಲ.

ಹಿಂದೆ ಹುಲಿಗಳನ್ನು ಎಣಿಸುತ್ತಿದ್ದುದು ಇಂಥ ಹೆಜ್ಜೆಯ ಅಚ್ಚನ್ನು ತೆಗೆದೇ. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ರೀತಿ, ಧೂಳಿನಲ್ಲಿ ಇನ್ನೊಂದು ರೀತಿ ಕಾಣುತ್ತದೆ. ರಾಜಸ್ಥಾನದ ಸರಿಸ್ಕಾದಲ್ಲಿ ಲೆಕ್ಕದ ಪುಸ್ತಕದಲ್ಲಿ ಹುಲಿಗಳಿದ್ದವು. 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇಲ್ಲವೆಂದು ತಿಳಿಯಿತು. ಆಮೇಲೆ ಆ ಪದ್ಧತಿಯನ್ನು ಕೈಬಿಟ್ಟರು. ಈಗ ಬಳಸುವುದು ಕ್ಯಾಮರಾ. ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಎಡ ಪಕ್ಕದ ಪಟ್ಟೆ ಬಲಪಕ್ಕಕ್ಕೂ ಹೊಂದುವುದಿಲ್ಲವಾದ್ದರಿಂದ ದಾರಿಯ ಎರಡೂ ಕಡೆ ಎದುರುಬದುರಾಗಿ ಕ್ಯಾಮರಾ ಕಟ್ಟುತ್ತಾರೆ. ಈ ವಿಧಾನವನ್ನು ನಮ್ಮ ನೆರೆಯ ನಾಗರಹೊಳೆಯಲ್ಲಿ ಬೆಳೆಸಿ ತೋರಿಸಿದವರು ಕನ್ನಡಿಗರೇ ಆದ ಡಾ. ಉಲ್ಲಾಸ ಕಾರಂತರು.

ಚಿತ್ರಕ್ಕೆ ಸಿಕ್ಕದ ಹುಲಿಗಳನ್ನು ಎಣಿಸುವುದು ಹೇಗೆ? ಇದು ನನಗೆ ಬಸ್ಸಿನಲ್ಲಿ ಅರ್ಥವಾಗಲಿಲ್ಲ. ಮನೆಗೆ ಬಂದು ಅಜ್ಜಿಯ ಮೊರದಲ್ಲಿದ್ದ ಅವರೆಕಾಳಿನಲ್ಲಿ ಮಾಡಿ ನೋಡಿದೆ. ಒಂದು ಚಿಕ್ಕ ಚೊಂಬಿನಷ್ಟು ಕಾಳಿನಿಂದ 40 ತೆಗೆದು ಸುಣ್ಣದ ಬೊಟ್ಟಿಟ್ಟು ಮತ್ತೆ ಬೆರೆಸಿದೆ. ಚೆನ್ನಾಗಿ ಕಲಸಿ, ನೋಡದೆ ಪುನಃ 40 ತೆಗೆದೆ. ಅದರಲ್ಲಿ ಬೊಟ್ಟಿದ್ದವು 6. ನಲವತ್ತರಲ್ಲಿ ಆರು ಎಂದರೆ, ಒಟ್ಟು ಕಾಳಿನಲ್ಲಿಯೂ ಬೊಟ್ಟಿನ ಕಾಳು ಅದೇ ಪ್ರಮಾಣದಲ್ಲಿರಬೇಕು. 40ನ್ನು 40ರಿಂದ ಗುಣಿಸಿ 6ರಿಂದ ಭಾಗಿಸಿದರೆ ಸುಮಾರು 267. ಎಣಿಸಿ ನೋಡಿದೆ, 251 ಇತ್ತು. "ಮೊದ್ಲೇ ಎಣಿಸ್ಬುಟ್ಟಿದ್ರೆ ಆಗ್ತಿತ್ತಲ್ಲ" ಎಂದಳು ಅಜ್ಜಿ. ಅವರೆಕಾಳು ಮೊರದಲ್ಲಿ ಕೂತಿರುತ್ತದೆ, ಹುಲಿ ಕೂರುವುದಿಲ್ಲವಲ್ಲ! ಒಮ್ಮೆ ಚಿತ್ರಕ್ಕೆ ಸಿಕ್ಕಿದ ಹುಲಿಯೇ ಸುಣ್ಣದ ಬೊಟ್ಟಿನ ಕಾಳು. ವಿಜ್ಞಾನಿಗಳ ಲೆಕ್ಕ ಇದಕ್ಕಿಂತ ಬಹು ಸೂಕ್ಷ್ಮವಾದದ್ದು; ಆದರೆ ಬೇರು ಇದೇ. ಹೀಗೆ ನಡೆದ ಎಣಿಕೆಯಲ್ಲಿ ದೇಶದ ಹುಲಿಗಳು 2006ರಲ್ಲಿ ಸುಮಾರು 1,411 ಇದ್ದದ್ದು 2022ರಲ್ಲಿ ಸರಾಸರಿ 3,682 ಆದವು. ಕರ್ನಾಟಕದ ಪಾಲು 563. ನಮಗಿಂತ ಮುಂದಿದ್ದದ್ದು 785 ಹುಲಿಗಳ ಮಧ್ಯಪ್ರದೇಶ ಮಾತ್ರ. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141.

ಈ ಕಾಡಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕು. ಇದು ಮೈಸೂರು ಅರಸರ ಬೇಟೆಯ ಕಾಡು. 1931ರಲ್ಲಿ ಇದರ 90 ಚದರ ಕಿಲೋಮೀಟರನ್ನು ಮೃಗಗಳ ರಕ್ಷಣೆಗೆ ಬಿಟ್ಟರು. ಹತ್ತು ವರ್ಷದ ಮೇಲೆ ಅದನ್ನು ಹಿಗ್ಗಿಸಿ, ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಮೃಗೋದ್ಯಾನ ಎಂದು ಕರೆದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾದಾಗ ಆಯ್ದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಯಿತು. ಬಂದೂಕು ಹಿಡಿದು ಬರುತ್ತಿದ್ದವರ ದಾರಿಯಲ್ಲಿ ಕ್ಯಾಮರಾ ಹಿಡಿದವರು ಬರತೊಡಗಿದರು. 2012ರಲ್ಲಿ ಬಂದ ನಿಯಮದಂತೆ ಹುಲಿ ಕಾಡಿನ ತಿರುಳು ಭಾಗದ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಪ್ರದೇಶದಲ್ಲಿ ಪ್ರವಾಸಿಗಳನ್ನು ಬಿಡುವಂತಿಲ್ಲ. ನಾವು ನೋಡಿದ್ದು ಕಾಡಿನ ಜಗಲಿಯನ್ನು ಮಾತ್ರ, ಒಳಮನೆಯನ್ನಲ್ಲ.

ಹಿಂತಿರುಗುವಾಗ ಬಸ್ಸಿನಲ್ಲಿ ಬೇಸರ ಕವಿದಿತ್ತು. ಸೀಳುನಾಯಿಗಳ ಗುಂಪೊಂದು ದಾರಿ ದಾಟಿದರೂ ಯಾರೂ ಕತ್ತು ಹೊರಳಿಸಲಿಲ್ಲ. ಹುಲಿಗಿಂತ ಅಪರೂಪವೆನ್ನಬಹುದಾದ ಪ್ರಾಣಿ ಅದು! ನಗರದಿಂದ ಬರುವ ನನ್ನ ಸಹಪಾಠಿಯೊಬ್ಬ, "ಈ ಕಾಡಂಚಿನ ಹಳ್ಳಿಗಳನ್ನು ಎತ್ತಿಸಿಬಿಟ್ಟರೆ ಹುಲಿಗಳು ಇನ್ನೂ ಹೆಚ್ಚುತ್ತವೆ, ಆಗ ಕಾಣುತ್ತವೆ" ಎಂದ. ಒಳ್ಳೆಯ ಹುಡುಗ, ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ನನಗೆ ಮಾತ್ರ ಸುಮ್ಮನಿರಲಾಗಲಿಲ್ಲ. ಎರಡು ವರ್ಷದಿಂದ ಒಂದೇ ಬೆಂಚಿನಲ್ಲಿ ಕುಳಿತರೂ ಹೇಳದಿದ್ದ ಕೆಂಪಿಯ ಕಥೆಯನ್ನು ಅಲ್ಲಿ ಹೇಳಿದೆ.

ಕೆಂಪಿ ಐದು ತಿಂಗಳ ಗಬ್ಬದ ಹಸು. ದಿನಕ್ಕೆ ಎಂಟು ಲೀಟರು ಹಾಲು ಡೈರಿಗೆ ಹೋಗುತ್ತಿತ್ತು, ನನ್ನ ಪಿ.ಯು.ಸಿ. ಖರ್ಚು ನಡೆದದ್ದು ಅದರಿಂದಲೇ. ಆ ರಾತ್ರಿ ಮಳೆ. ಕೊಟ್ಟಿಗೆಯ ಹಿಂದಿನ ತಟ್ಟಿ ಕುಸಿದಿತ್ತು. ಒಂದು ಸಲ ಕೂಗಿತು. ಅಪ್ಪ ಎದ್ದು ಕದದ ತನಕ ಹೋದ. ಅಜ್ಜಿ ಅವನ ತೋಳು ಹಿಡಿದು ನಿಲ್ಲಿಸಿದಳು. ನಾನು ಕಂಬಳಿಯೊಳಗೆ ಇದ್ದೆ. ಬೆಳಗ್ಗೆ ಕೆಂಪಿ ಹಿತ್ತಲಾಚೆಯ ಹುರುಳಿ ಹೊಲದಲ್ಲಿ ಬಿದ್ದಿತ್ತು. ಪರಿಹಾರದ ಹಣ ಬಂತು. ಅದರಿಂದ ಕರು ಬಂದೀತೆ ಹೊರತು ಹಸು ಬರುವುದಿಲ್ಲ. ನಿಜ ಹೇಳಬೇಕೆಂದರೆ ನಮ್ಮ ತಪ್ಪೂ ಇತ್ತು. ಹಗಲು ಹೊತ್ತಿನಲ್ಲಿ ನಾವೂ ದನಗಳನ್ನು ಆನೆ ಕಂದಕದ ಆಚೆಗೆ ಮೇಯಲು ಹೊಡೆಯುತ್ತಿದ್ದೆವು. ದನ ಕಾಡಿಗೆ ಹೋದ ದಾರಿಯಲ್ಲಿಯೇ ಹುಲಿ ಊರಿಗೆ ಬಂದಿತು.

ಬಸ್ಸಿನಲ್ಲಿ ಸದ್ದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಚಾಲಕರೇ ಒಂದು ಲೆಕ್ಕ ಹೇಳಿದರು. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಕಡವೆಗಳಂಥ ಐವತ್ತು ಪ್ರಾಣಿ ಬೇಕು. ಹಿಂಡು ಕರಗದೆ ಐವತ್ತನ್ನು ಕೊಡಬೇಕಾದರೆ ಐನೂರು ಪ್ರಾಣಿ ಇರಬೇಕು. ನೂರು ಹುಲಿಗೆ ಐವತ್ತು ಸಾವಿರ. ಬೆಳೆದ ಮರಿ ತಾಯಿಯನ್ನು ಬಿಟ್ಟು ತನ್ನದೇ ಜಾಗ ಹುಡುಕಬೇಕು. ಮುದಿಯಾದದ್ದನ್ನು ಬಲವುಳ್ಳದ್ದು ಓಡಿಸುತ್ತದೆ. ಹೀಗೆ ಹೊರಬಿದ್ದವು ನಿಲ್ಲುವುದು ಕಾಡಿನ ಅಂಚಿನಲ್ಲಿ. "ಹುಲಿ ಹೆಚ್ಚಿದ್ದಕ್ಕೆ ಸಂತೋಷಪಡೋಣ ಕಣಪ್ಪ, ಆದ್ರೆ ಕಾಡು ಹೆಚ್ಚಿಲ್ಲವಲ್ಲ" ಎಂದರು. ನನ್ನ ಸಹಪಾಠಿ ಗುಂಡ್ಲುಪೇಟೆಯವರೆಗೂ ಮಾತಾಡಲಿಲ್ಲ. ಅಲ್ಲಿ ಇಳಿದಾಗ, "ನಿಮ್ಮ ಮನೆಗೆ ಒಂದು ಸಲ ಬರ್ತೀನಿ" ಎಂದ. ಬಂದ ಕೂಡ, ಎರಡು ದಿನ ಇದ್ದು ಹೋದ.

ಆ ವರ್ಷವೇ ಸರಗೂರಿನ ಕಡೆಯ ಹಳ್ಳಿಗಳಲ್ಲಿ ಹುಲಿಯ ದಾಳಿಗೆ ರೈತರು ಸತ್ತರು. ಸತ್ತದ್ದು ಹಸುವಲ್ಲ, ಮನುಷ್ಯರು. 2025ರ ನವೆಂಬರಿನಲ್ಲಿ ಸರ್ಕಾರವು ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿ, ಅಲ್ಲಿಯ ಸಿಬ್ಬಂದಿಯನ್ನು ಹುಲಿಯನ್ನು ಹುಡುಕುವ ಕೆಲಸಕ್ಕೆ ಕಳುಹಿಸಿತು. ಮೋಟಾರುಗಳ ಓಡಾಟದಿಂದಲೇ ಹುಲಿಗಳು ಹೊರಬೀಳುತ್ತವೆ ಎಂದು ನಮ್ಮೂರಿನಲ್ಲಿ ಕೆಲವರ ವಾದ. ಸಫಾರಿಯನ್ನು ನಂಬಿ ಬದುಕುವ ಚಾಲಕರು, ಹೋಟೆಲಿನವರು ನಮ್ಮವರೇ ಅಲ್ಲವೆ ಎಂದು ಇನ್ನು ಕೆಲವರು. ನನಗೆ ತೋರುವಂತೆ, ಬಸ್ಸು ನಿಂತರೂ ಓಡಿದರೂ ಚಾಲಕರ ಆ ಲೆಕ್ಕ ಬದಲಾಗುವುದಿಲ್ಲ.

ಪ್ರವಾಸದ ದಿನ ಸಂಜೆ ಮನೆಗೆ ಬಂದಾಗ ಅಜ್ಜಿ ಕೇಳಿದ್ದು ಒಂದೇ ಮಾತು: "ಕಂಡ್ತಾ?" ಇಲ್ಲವೆಂದೆ. ಹೆಜ್ಜೆ ಕಂಡಿತು ಎಂದೆ. "ಎಷ್ಟು ದೊಡ್ಡದು?" ಎಂದಳು. ಕೈಯಲ್ಲಿ ಅಳತೆ ತೋರಿಸಿದೆ. ಅವಳು ತನ್ನ ಅಂಗೈಯನ್ನು ಬಿಡಿಸಿ, ನನ್ನ ಅಳತೆಗೆ ಹಿಡಿದು ನೋಡಿ, "ನಮ್ದು ಇನ್ನೂ ದೊಡ್ಡದಿತ್ತು" ಎಂದು ಹೇಳಿ ಎದ್ದು ಹೋಗಿ ಕೊಟ್ಟಿಗೆಯ ಅಗಣಿ ಹಾಕಿದಳು. ಆಗಿನ್ನೂ ಆರು ಗಂಟೆ, ಬಿಸಿಲು ಇತ್ತು.